ಉಜ್ಜಿ ತೆಗೆದ ಕಪ್ಪು

ಹಳೆಯ ಬೀಡುಕಬ್ಬಿಣದ ಪಡ್ಡಿನ ಹಂಚುಗಳನ್ನು ಹುಡುಕಿ ತಂದು, ತುಕ್ಕು ಬಿಡಿಸಿ ಸರಿಮಾಡುವುದು ನನ್ನ ಹುಚ್ಚು. ತೊಗರ್ಸಿ ಊರಿನ ಒಂದು ಮನೆಯ ಸೊಸೆ, "ತಳ ತುಕ್ಕು ಹಿಡದೈತ್ರಿ, ಅತ್ತೆ ಊರಿಂದ ಬರೋದ್ರೊಳಗೆ ಸರಿ ಮಾಡಿಕೊಡ್ರಿ" ಎಂದು ಅತ್ತೆಯ ಹಂಚನ್ನು ಕೊಟ್ಟಿದ್ದರು. ನಾನು ಹುಮ್ಮಸ್ಸಿನಲ್ಲಿ ತಳದ ಜೊತೆ ಒಳಗಿನ ಕುಳಿಗಳನ್ನೂ ಬೆಳ್ಳಗಾಗುವಷ್ಟು ಉಜ್ಜಿದೆ.

ವಾಪಸ್ ಕೊಡಲು ಹೋದರೆ ಬಾಗಿಲಲ್ಲಿ ಅತ್ತೆಯೇ ನಿಂತಿದ್ದರು. ಹಂಚು ಇಸಿದುಕೊಂಡು ಕುಳಿಗಳಲ್ಲಿ ಬೆರಳಾಡಿಸಿದರು.

"ಒಳಗಿನ ಕಪ್ಪು ಎಲ್ಲಿ?"

"ಕೊಳೆ ಅಂತ ತೆಗೆದೆ ಅಮ್ಮಾ."

"ಮದುವೆಯಾಗಿ ಬಂದಾಗಿಂದ ಎಣ್ಣೆ ಸವರಿ ಸವರಿ ಕೂಡಿಸಿದ್ದಪ್ಪ ಅದು" ಎಂದವರು ಸೊಸೆಯ ಕಡೆ ತಿರುಗಿದರು. ಸೊಸೆಯ ಮುಖ ಬಿಳಿಚಿಕೊಂಡಿತ್ತು.

"ಅವರು ತಳ ಮಾತ್ರ ಹೇಳಿದ್ರು. ತಪ್ಪು ನಂದು" ಎಂದೆ.

ಅತ್ತೆ ಒಲೆ ಹಚ್ಚಿ ಹಿಟ್ಟು ಹೊಯ್ದರು. ಒಂದು ಪಡ್ಡೂ ಇಡಿಯಾಗಿ ಏಳಲಿಲ್ಲ, ಎಲ್ಲವೂ ಕುಳಿಗೆ ಅಂಟಿಕೊಂಡು ಹರಿದವು. ನನ್ನ ಕೈಗೆ ಎಣ್ಣೆಬಟ್ಟೆ ಕೊಟ್ಟು, "ಕೂತ್ಕೋ, ಸವರು" ಎಂದರು.

ಸಂಜೆಯವರೆಗೂ ಸವರಿದೆ, ಕಾಯಿಸಿದೆ, ಹರಿದ ಪಡ್ಡು ತಿಂದೆ. ಕೊನೆಯ ಸುತ್ತಿನಲ್ಲಿ ಎರಡು ಇಡಿಯಾಗಿ ಎದ್ದವು. ಅತ್ತೆ ಒಂದನ್ನು ಸೊಸೆಯ ತಟ್ಟೆಗೆ ಹಾಕಿದರು. ನಾನೂ ತಟ್ಟೆ ಮುಂದೆ ಚಾಚಿದೆ. ಇನ್ನೊಂದನ್ನು ಅವರೇ ತಿಂದರು.