ಇಳಿದು ಹತ್ತುವವರು

ಬಸ್ ಏಜೆಂಟರ ಕೆಳತುಟಿಯ ನಡುವೆ ಒಂದು ಸಣ್ಣ ತಗ್ಗಿತ್ತು. ವರ್ಷಗಟ್ಟಲೆ ಸೀಟಿ ಕಚ್ಚಿ ಬಿದ್ದ ಗುರುತೆಂದು ನಂಬಿದ್ದೆ. ಸೀಟಿಯಿಂದ ತುಟಿ ತಗ್ಗಾಗುತ್ತದೆಯೇ? ಈಗ ಅನುಮಾನ. ಹಣೆಯ ವಿಭೂತಿ ಮಾತ್ರ ಹತ್ತು ಗಂಟೆಯೊಳಗೆ ಬೆವರಿಗೆ ಅಳಿಸಿಹೋಗುತ್ತಿತ್ತು, ಅದು ಖಚಿತ.

ಹುಣಸೂರಿಗೂ ಹೆಗ್ಗಡದೇವನಕೋಟೆಗೂ ನಡುವಿನ ನಮ್ಮೂರಿನ ನಿಲ್ದಾಣದಿಂದ ಖಾಸಗಿ ಬಸ್ಸುಗಳನ್ನು ಹೊರಡಿಸುವುದು ಅವರ ಕೆಲಸ. ಊರು ಆಗಲೇ ಸೊರಗಿತ್ತು. ಸಂತೆ ನಿಂತಿತ್ತು, ಅಕ್ಕಿ ಗಿರಣಿ ಮುಚ್ಚಿತ್ತು. ಆದರೂ ಬೆಳಿಗ್ಗೆ ನಿಲ್ದಾಣ ಗಿಜಿಗುಡುತ್ತಿತ್ತು. ಕಾಡಂಚಿನ ಗಿರಿಜನರ ಹಾಡಿಗಳ ಕಡೆಯಿಂದ ಬರುವ ಬಸ್ಸು ಮುಟ್ಟಿ, ಅದರಿಂದ ಇಳಿದವರು ಹತ್ತುವ ತನಕ ಅವರು ಹುಣಸೂರಿನ ಬಸ್ಸನ್ನು ಬಿಡುತ್ತಿರಲಿಲ್ಲ.

"ಟೈಮಾಯ್ತು, ಬುಡಿ ಏಜೆಂಟ್ರೇ!" ಡ್ರೈವರ್ ಹಾರನ್ ಒತ್ತುತ್ತಿದ್ದ.

"ಇರ್ಲಾ. ನಿನ್ನೆಂಡ್ರೇನು ಉಣಸೂರಲ್ಲಿ ಆರತಿ ಇಡ್ಕಂಡು ನಿಂತವ್ಳಾ? ಕಾಡ್ ಕಡೆ ಬಸ್ಸು ಬತ್ತಾ ಅದೆ ಕಣ್ಲಾ."

ಊರ ಹೊರಗೆ ಬೈಪಾಸ್ ಆದಾಗ, ಹುಣಸೂರಿನ ಬಸ್ಸು ಇನ್ನು ಊರೊಳಗೆ ಬರಬೇಕೇ ಎಂಬ ಪ್ರಶ್ನೆ ಬಸ್ಸಿನ ಮಾಲೀಕರಿಗೆ ಬಂತು. ಎಂ.ಎ. ಓದುತ್ತಿದ್ದ ನನಗೆ ಜನರನ್ನು ಎಣಿಸಿ ಹೇಳು ಎಂದರು. ಒಂದು ವಾರ ನಿಂತು, ನಮ್ಮೂರಿನಿಂದ ಹತ್ತುವವರನ್ನಷ್ಟೇ ಬರೆದುಕೊಂಡೆ. ಬೆರಳೆಣಿಕೆಯಷ್ಟು ಮಂದಿ. ಏಜೆಂಟರು ಕಚ್ಚಾ ಹಾಳೆ ಈಸಿಕೊಂಡು ನೋಡಿದರು.

"ಇಳಿದು ಹತ್ತೋರು ಇದ್ರಲ್ಲಿ ಎಲ್ಲವ್ರೆ?"

"ಅವರು ಈ ಊರೋರಲ್ಲವಲ್ಲ."

"ಊರು ಯಾವ್ದಾದ್ರೇನು? ಸ್ಟ್ಯಾಂಡ್ ಉಳ್ಸಿರೋರು ಅವ್ರೇ ಕಣಪ್ಪಾ. ಅವ್ರು ತಪ್ಪೋದ್ರೆ ನಮ್ಮೂರೋರ್ಗೂ ಬಸ್ಸಿಲ್ಲ. ತಿದ್ದಿ ಕೊಡು."

ನಾನು ತಿದ್ದಲಿಲ್ಲ. ಮಾಲೀಕರು ಬಸ್ಸನ್ನು ಬೈಪಾಸಿಗೆ ತಿರುಗಿಸಿದರು. ಇಳಿದವರು ಹತ್ತಲು ಬಸ್ಸಿಲ್ಲದ ಮೇಲೆ ಕಾಡಂಚಿನ ಬಸ್ಸೂ ಬರುವುದನ್ನು ಬಿಟ್ಟಿತು. ಏಜೆಂಟರು ಸೀಟಿ ಜೇಬಿನಲ್ಲಿಟ್ಟುಕೊಂಡು ಕೆಲವು ದಿನ ಸುಮ್ಮನೆ ಬಂದು ಕೂತು ಹೋಗುತ್ತಿದ್ದರಂತೆ. ನಾನು ನೋಡಲು ಹೋಗಲಿಲ್ಲ.

ಆಮೇಲೆ ನಾನು ಸಂಶೋಧನೆಗೆ ಆರಿಸಿಕೊಂಡದ್ದು ವಿಮಾನಗಳನ್ನು. ಸೊರಗುತ್ತಿರುವ ನಗರಗಳಲ್ಲಿ ಕೆಲವು ನಿಲ್ದಾಣಗಳನ್ನು ಕಂಪನಿಗಳು ಉಳಿಸಿಕೊಳ್ಳುತ್ತವೆ, ಕೆಲವನ್ನು ಕೈಬಿಡುತ್ತವೆ. ಏಕೆ? ವರ್ಷಗಳ ಓದಿನ ಕೊನೆಗೆ ಕಂಡದ್ದಿಷ್ಟು: ಊರಿನವರಷ್ಟೇ ನಿಲ್ದಾಣವನ್ನು ಉಳಿಸಲಾರರು, ಅಲ್ಲಿ ಇಳಿದು ಮತ್ತೊಂದು ವಿಮಾನ ಹತ್ತುವವರು ಬೇಕು. ಅವರನ್ನು ಬೇರೆ ನಿಲ್ದಾಣದಲ್ಲಿ ಸುಲಭವಾಗಿ ಇಳಿಸಿ ಹತ್ತಿಸಬಹುದು ಎನ್ನಿಸಿದ ದಿನ ಕಂಪನಿ ಎದ್ದು ಹೋಗುತ್ತದೆ, ಊರಿನವರು ಆಕಾಶ ನೋಡುತ್ತ ಉಳಿಯುತ್ತಾರೆ.

ಹಾಗಾದರೆ ಆಮೇಲೆ ಓದಿದ್ದನ್ನು ನೆನಪಿನಲ್ಲಿ ನಾನೇ ಏಜೆಂಟರ ಬಾಯಿಗೆ ತುರುಕಿದೆನೇ? ಎಷ್ಟೋ ಸಲ ಈ ಶಂಕೆ ಕಾಡಿ, ಆ ಕಚ್ಚಾ ಹಾಳೆ ತೆಗೆದು ನೋಡಿದ್ದೇನೆ. ಅಂಚಿನಲ್ಲಿ ಅವರ ಪೆನ್ಸಿಲಿನ ಸೊಟ್ಟ ಅಕ್ಷರ ಇದೆ: "ಇಳಿದು ಹತ್ತೋರು?"

ಮೊನ್ನೆ ಅವರು ತೀರಿಹೋದ ಸುದ್ದಿ ಬಂತು. ಮೈಸೂರಿನಿಂದ ಹುಣಸೂರು, ಅಲ್ಲಿಂದ ಬೈಪಾಸಿನ ಕ್ರಾಸು. ಮುಂದೆ ಊರಿಗೆ ಬಸ್ಸಿಲ್ಲ. ಬಿಸಿಲಲ್ಲಿ ದಾಪುಗಾಲು ಹಾಕಿದೆ. ತಲುಪುವಷ್ಟರಲ್ಲಿ ಮಣ್ಣಾಗಿತ್ತು.

ಅವರ ಮಗಳು ಚೊಂಬಿನಲ್ಲಿ ನೀರು ತಂದುಕೊಟ್ಟಳು. "ನೀವು ಬತ್ತೀರಿ ಅಂತ ಅರ್ಧ ಗಂಟೆ ನಿಲ್ಸಿದ್ವಿ ಕಣಣ್ಣ. ಅಪ್ಪ ಇದ್ದಿದ್ರೆ ಇನ್ನೂ ಒಸಿ ನಿಲ್ಸೋರು."