ಖಾಲಿ ಪ್ಯಾಕೆಟ್ಟುಗಳ ಕೆಲಸ

ಎಂ.ಟೆಕ್ ಓದುವಾಗ ತಿಪಟೂರಿನ ಕಾಲೇಜಿನ ಲ್ಯಾಬಿನಲ್ಲಿ ಕೂತು ನಾನು ಸುರಂಗಗಳನ್ನು ಹೋಲಿಸುತ್ತಿದ್ದೆ. ಇಂಟರ್‌ನೆಟ್ಟಿನ ಹಳೆಯ ವಿಳಾಸಗಳು ಮುಗಿಯುತ್ತ ಬಂದಿದ್ದ ಕಾಲ. ಹೊಸ, ಉದ್ದನೆಯ ವಿಳಾಸಗಳು ಬಂದಿದ್ದರೂ ನಡುವಿನ ದಾರಿಯೆಲ್ಲ ಹಳೆಯದೇ. ಹಾಗಾಗಿ ಹೊಸ ವಿಳಾಸದ ಪ್ಯಾಕೆಟ್ಟನ್ನು, ಅಂದರೆ ಮಾಹಿತಿಯ ಕಟ್ಟನ್ನು, ಹಳೆಯ ವಿಳಾಸದ ಪ್ಯಾಕೆಟ್ಟಿನೊಳಗೆ ತುಂಬಿ ಕಳಿಸಬೇಕು. ಇದಕ್ಕೇ ಸುರಂಗ ಎಂದು ಹೆಸರು. ಚಿಪ್ಪಿನೊಳಗಿನ ಕೊಬ್ಬರಿ ಗಿಟುಕಿನ ಹಾಗೆ, ದಾರಿಗೆ ಕಾಣುವುದು ಚಿಪ್ಪು ಮಾತ್ರ ಎಂದಿದ್ದರು ನಮ್ಮ ಗೈಡ್. ಆ ಊರಿನಲ್ಲಿ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ.

ನನಗಂತೂ ಅಷ್ಟೂ ಬೇಕಿರಲಿಲ್ಲ. ಅದೇ ಕೆಲಸವನ್ನು ಎರಡು ವರ್ಷದಿಂದ ಕದ್ದು ಮಾಡುತ್ತಿದ್ದೆ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ನನ್ನ ಗೆಳತಿ, ದಂಡಿನಶಿವರದವಳು, ಹುಳಿಯಾರಿನ ಕೊಬ್ಬರಿ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಹೋಗಿದ್ದಳು. ಮದುವೆ ಮಾತುಕತೆಯ ದಿನ, ಇವಳ ಓದು ಬಿಡಿಸಬೇಡಿ ಎಂದು ಅವಳ ಮಾವನವರಿಗೆ ನೇರವಾಗಿ ಹೇಳಿಬಿಟ್ಟಿದ್ದೆ. ನನ್ನ ಬಾಯಿ ಸುಮ್ಮನಿದ್ದರೆ ತಾನೆ! ಓದೂ ನಿಂತಿತು, ಆ ಮನೆಗೆ ನನ್ನ ಕಾಗದ, ಫೋನೂ ನಿಂತವು. ಆಮೇಲೆ ಅವಳೇ ದಾರಿ ಹುಡುಕಿದಳು. ಹುಳಿಯಾರಿನ ಬಸ್ ಸ್ಟ್ಯಾಂಡಿನ ಹತ್ತಿರ ಬ್ಲೌಸ್ ಹೊಲಿಯುವ ಅಕ್ಕನ ಹೆಸರಿಗೆ ಒಂದು ಕವರು, ಅದರೊಳಗೆ ಅವಳ ಹೆಸರಿನ ಇನ್ನೊಂದು. ಕವರು ಬಂದ ದಿನ ಆ ಅಕ್ಕ ಬ್ಲೌಸ್ ರೆಡಿ ಎಂದು ಹೇಳಿಕಳಿಸುತ್ತಿದ್ದರು.

ಲ್ಯಾಬಿನಲ್ಲಿ ಮೂರು ವಿಧಾನಗಳಿದ್ದವು. ಎರಡೂ ತುದಿಯವರು ಮೊದಲೇ ಮಾತಾಡಿಕೊಂಡು ಕೈಯಾರೆ ಕಟ್ಟುವ ಸುರಂಗ ಗಟ್ಟಿ, ಆದರೆ ಒಂದು ತುದಿಯ ವಿಳಾಸ ಬದಲಾದರೆ ಕೆಟ್ಟಿತು. ಸಿಕ್ಸ್ ಟು ಫೋರ್ ಎನ್ನುವುದು ಹತ್ತಿರ ಯಾರು ಸಿಕ್ಕರೆ ಅವರ ಕೈಗೆ ಕೊಟ್ಟು ಕಳಿಸುವಂಥದ್ದು. ಉತ್ತರ ಯಾವ ದಾರಿಯಲ್ಲಿ ಬರುತ್ತದೋ ದೇವರೇ ಬಲ್ಲ. ಮೂರನೆಯದಾದ ಟೆರೆಡೊ ಮಾತ್ರ ಹೊರಗಿನವರನ್ನು ಒಳಬಿಡದ ರೂಟರಿನ ಹಿಂದಿರುವವರಿಗೆ. ಒಳಗಿನಿಂದ ತೆರೆದ ಬಾಗಿಲು ಸ್ವಲ್ಪ ಹೊತ್ತು ಏನೂ ಓಡಾಡದಿದ್ದರೆ ಮುಚ್ಚಿಹೋಗುತ್ತದೆ. ಅದಕ್ಕೇ ಅದು ಆಗಾಗ ಖಾಲಿ ಪ್ಯಾಕೆಟ್ಟು ಕಳಿಸುತ್ತಿರುತ್ತದೆ, ಒಳಗೆ ಒಂದಕ್ಷರವೂ ಇಲ್ಲದ್ದು. ನಾನು ಅಳೆದೂ ಸುರಿದೂ ವರದಿಯಲ್ಲಿ ಬರೆದೆ: ಇದು ಅನಗತ್ಯ ಹೊರೆ.

ಆ ಗಡಿಬಿಡಿಯಲ್ಲಿ ಏಳು ತಿಂಗಳು ಅವಳಿಗೆ ಬರೆಯಲಿಲ್ಲ. ವಿಶೇಷವೇನೂ ಇರಲಿಲ್ಲ, ಒಟ್ಟಿಗೇ ಬರೆದರಾಯಿತು ಎಂದುಕೊಂಡೆ. ವರದಿಯನ್ನು ಬೈಂಡ್ ಮಾಡಿಸಿ ಕೊಟ್ಟ ಮೇಲೆ ಎಂಟು ಪುಟ ಬರೆದು ಹಾಕಿದೆ. ಕವರು ವಾಪಸ್ ಬಂತು. ಮಾರನೆಯ ದಿನವೇ ಹುಳಿಯಾರಿನ ಬಸ್ಸು ಹತ್ತಿದೆ.

ಹೊಲಿಗೆಯಕ್ಕ ಅಂಗಡಿ ಬಿಟ್ಟು ಮನೆಯಲ್ಲೇ ಹೊಲಿಯುತ್ತಿದ್ದರು. ಕೇಳಿಕೊಂಡು ಹೋದೆ. ಮಿಷನ್ ನಿಲ್ಲಿಸಿ ನನ್ನನ್ನೇ ನೋಡಿದರು.

"ಅಂಗಡಿ ಇದ್ದಾಗ ಬತ್ತಿದ್ಲು ಕಣಮ್ಮ. ಬ್ಲೌಸ್ ಆಯ್ತಾ ಅಂತ ಬಾಗ್ಲಲ್ಲಿ ನಿಂತ್ಕಳೋಳು. ಸುಮ್ ಸುಮ್ನೆ ಓಡಾಡ್ತೀಯ ಅಂತ ಮನೇಲಿ ಬೈದ್ರಂತೆ, ನಿಲ್ಸುದ್ಲು. ಒಂದ್ ಖಾಲಿ ಕವರ್ ಆದ್ರೂ ಹಾಕ್ಬಾರ್ದಾಗಿತ್ತಾ?"

ಅವಳ ಬೀದಿಯವರೆಗೂ ಹೋದೆ. ನಾನು ಬಾಗಿಲು ತಟ್ಟಿದರೆ ಬೈಗುಳ ಅವಳಿಗೇ ಎಂದು ಹಿಂದಿರುಗಿದೆ. ಎಂಟು ಪುಟವನ್ನು ಅಕ್ಕನ ಕೈಗೇ ಕೊಟ್ಟು ಬಂದೆ. ಉತ್ತರ ಬರಲಿಲ್ಲ. ಅವಳ ಜೊತೆ ಒಮ್ಮೆ ಕೂತು ಏನೂ ವಿಶೇಷವಿಲ್ಲದ ಮಾತಾಡಬೇಕು ಎಂದು ಇವತ್ತಿಗೂ ಜೀವ ಹಂಬಲಿಸುತ್ತದೆ.

ಆ ವರದಿಗೆ ಒಳ್ಳೆಯ ಅಂಕ ಬಂತು. ಒಂದು ಪ್ರತಿಯನ್ನು ಕಾಲೇಜಿನ ಲೈಬ್ರರಿಗೆ ಕೊಟ್ಟಿದ್ದೆ. ಅದರಲ್ಲಿ ಟೆರೆಡೊದ ಖಾಲಿ ಪ್ಯಾಕೆಟ್ಟುಗಳ ಬಗ್ಗೆ ಬರೆದ ಸಾಲು ತಪ್ಪು.