ನನ್ನ ಕತ್ತೆ, ನನ್ನ ಅವ್ವ

ನಾನು ಒಂದು ಕತ್ತೆಯ ಪಾಲಕಳಾದ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಲೈನು ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ತಿಳಿಯಿತು, ಅವ್ವ ಫೋನನ್ನು ಎದೆಗೆ ಒತ್ತಿಕೊಂಡು ನಗುತ್ತಿದ್ದಳು.

“ಇನ್ನೊಮ್ಮೆ ಹೇಳು,” ಅಂದಳು.

“ಕತ್ತಿ ಅವ್ವಾ. ಇಟ್ಟಂಗಿ ಭಟ್ಟಿಯೊಳಗ ದುಡದು ದುಡದು ಸೋತದ್ದು. ಈಗ ಅದನ್ನ ಬಿಡಿಸಿಕೊಂಡು ಬಂದು ಪ್ರಾಣಿಗಳ ಆಶ್ರಮದಾಗ ಇಟ್ಟಾರ. ಅದರ ಮೇವು, ಔಷಧದ ಖರ್ಚು ನಾ ನೋಡ್ಕೊಳ್ಳೋದು.”

“ಮತ್ತ ಅದು ಏನು ಮಾಡತದ?”

“ಏನೂ ಮಾಡಂಗಿಲ್ಲ. ಆರಾಮ ಇರತದ.”

“ಆಹಾ! ನಾನೂ ಕತ್ತಿ ಜೋಡಿನ ಉಸುಕು ಹೊತ್ತಾಕಿ ನನ್ನವ್ವಾ. ಈ ಆರಾಮ ಇರೋರ ಪಟ್ಟಿಯೊಳಗ ನನ್ನ ಹೆಸರು ಹೆಂಗ ಬಿಟ್ಟುಹೋತು, ಜರಾ ಕೇಳು.”

ಅವ್ವ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಅವಳು ಇಂಡಿ ಕಡೆಯವಳು. ಗೋಡೆ ಕಟ್ಟುವ ಗೌಂಡಿಯಾಗಿದ್ದ ನನ್ನ ಅಪ್ಪನ ಬೆನ್ನುಹತ್ತಿ ನಾಸಿಕಕ್ಕೆ ಬಂದಾಗ ಅವಳಿಗೆ ಹತ್ತೊಂಬತ್ತೋ ಇಪ್ಪತ್ತೋ. ಹಳೇ ನಾಸಿಕದ ಓಣಿಗಳೊಳಗೆ ಲಾರಿ ನುಗ್ಗುವುದಿಲ್ಲ. ಮನೆ ಕಟ್ಟುವವರ ಉಸುಕು, ಇಟ್ಟಂಗಿ ಎಲ್ಲವೂ ಕತ್ತೆಯ ಬೆನ್ನ ಮೇಲೆ ಬಾಗಿಲ ತನಕ ಬರಬೇಕು. ಅಲ್ಲಿಂದ ಮೇಲಿನ ಮಾಳಿಗೆಗೆ ಹೆಂಗಸರ ತಲೆಯ ಮೇಲೆ. ನಾನೂ ತಮ್ಮನೂ ಬೆಳೆದದ್ದು ಅಂಥ ಮನೆಗಳ ಮುಂದಿನ ಉಸುಕಿನ ಗುಡ್ಡೆಗಳಲ್ಲಿ. ಒಂದು ಮನೆ ಮುಗಿದರೆ ನಮ್ಮ ತಗಡಿನ ಗುಡಿಸಲು ಇನ್ನೊಂದು ಗುಡ್ಡೆಯ ಪಕ್ಕಕ್ಕೆ. ಅಪ್ಪ ಬೇಗ ತೀರಿಕೊಂಡ. ನಾನು ಮರಾಠಿ ಶಾಲೆಯಲ್ಲಿ ಓದಿ, ಟೀಚರಾಗಿ, ಮದುವೆಯಾಗಿ ಸಂಭಾಜಿನಗರಕ್ಕೆ ಬಂದೆ. ತಮ್ಮ ನಾಸಿಕದಲ್ಲೇ ಪೇಂಟಿಂಗ್ ಕಾಂಟ್ರಾಕ್ಟು ಹಿಡಿದು ತಕ್ಕಮಟ್ಟಿಗೆ ನೆಲೆಯೂರಿದ್ದಾನೆ. ಅವ್ವ ಅವನ ಜೊತೆ ಇದ್ದಾಳೆ.

ನಾನು ಕತ್ತೆಯನ್ನು ಆರಿಸಿಕೊಂಡದ್ದು ದೊಡ್ಡ ಕರುಣೆಯಿಂದ ಎಂದು ಯಾರೂ ಭಾವಿಸಬಾರದು. ನಮ್ಮ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಟೀಚರೊಬ್ಬರು ಬಿಡಕಿನ್ ಕಡೆಯ ಒಂದು ಆಶ್ರಮದ ಪಟ್ಟಿಯನ್ನು ಮೊಬೈಲಿನಲ್ಲಿ ತೋರಿಸುತ್ತ ಎಲ್ಲರ ಬೆನ್ನು ಬಿದ್ದಿದ್ದರು. ಹಸುಗಳಿಗೆ ಆಗಲೇ ಪಾಲಕರು ಸಿಕ್ಕಿದ್ದರು. ಕರುಗಳಿಗಂತೂ ಒಂದೊಂದಕ್ಕೆ ಮೂರು ಮೂರು ಜನ. ಆಡು, ಕುರಿ, ಕೊನೆಗೆ ಕೋಳಿಗಳೂ ಮುಗಿದು, ಉಳಿದಿದ್ದವು ಎರಡೇ: ಒಂದು ಹಂದಿ, ಒಂದು ಕತ್ತೆ. ಹಂದಿಯ ಹೆಸರೆತ್ತಿದರೆ ಊಟ ಬಿಟ್ಟು ಏಳುವ ನನ್ನ ಅತ್ತೆಯವರನ್ನು ಅರೆನಿಮಿಷ ನೆನೆದು ನಾನು ಕತ್ತೆಯ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ವಾರದಲ್ಲಿ ಒಂದು ಪ್ರಮಾಣಪತ್ರ ಬಂತು. ಬಳ್ಳಿಯ ಚಿತ್ತಾರದ ನಡುವೆ ನನ್ನ ಹೆಸರು, ಅದರ ಮುಂದೆ ‘ಪಾಲಕ’. ಇಷ್ಟು ವರ್ಷ ಶಾಲೆಯಲ್ಲಿ ಪಾಲಕರ ಸಭೆ ಕರೆದು, ನಿಮ್ಮ ಮಗ ಪಾಠದ ಕಡೆ ಗಮನ ಕೊಡುವುದಿಲ್ಲ ಎಂದು ಮಂದಿಗೆ ಬುದ್ಧಿ ಹೇಳಿದವಳು ನಾನು. ನನ್ನ ಗಂಡ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ತಮ್ಮ ಫೋನು ಮಾಡಿ, “ಅಕ್ಕಾ, ನನ್ನ ಹೊಸಾ ಸೊಸಿ ಹೆಂಗದಾಳ? ಹಲ್ಲು ಬಂದಾವೇನು?” ಎಂದು ಕೇಳಿದ. ನಾಸಿಕದ ಓಣಿಯಲ್ಲಿ ಅವ್ವ ನೀರು ಹಿಡಿಯಲು ನಿಂತ ಹೆಂಗಸರಿಗೆಲ್ಲ ನನ್ನ ಮಗಳು ಕತ್ತಿ ದತ್ತಕ ತಗೊಂಡಾಳ ಎಂದು ಹೇಳಿಬಿಟ್ಟಿದ್ದಳು. ಒಬ್ಬಾಕೆ ಪೇಢೆ ಯಾವಾಗ ಕೊಡುತ್ತೀರಿ ಎಂದಳಂತೆ.

ಆಶ್ರಮದಿಂದ ಫೋನಿಗೆ ತಿಂಗಳಿಗೊಂದು ಪತ್ರ ಬರುತ್ತಿತ್ತು, ಜೊತೆಗೆ ಒಂದು ಫೋಟೋ. ವಿಜ್ಞಾನದ ಟೀಚರ ಕರು ಒಂದು ಪತ್ರದಲ್ಲಿ ಚೆಂಡಾಡುತ್ತಿತ್ತು, ಇನ್ನೊಂದರಲ್ಲಿ ಯಾರದೋ ಟೋಪಿ ತಿನ್ನುತ್ತಿತ್ತು. ನನ್ನ ಕತ್ತೆ ಮಾತ್ರ ಪ್ರತಿ ಫೋಟೋದಲ್ಲಿ ತಗಡಿನ ಕೊಟ್ಟಿಗೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿರುತ್ತಿತ್ತು. ಕೆಳಗೆ ಮರಾಠಿಯಲ್ಲಿ, ‘ಆಕೆ ಇನ್ನೂ ಹೊಂದಿಕೊಳ್ಳುತ್ತಿದ್ದಾಳೆ’ ಎಂಬ ಸಾಲು. ನಾನು ಶಾಲೆಯಲ್ಲಿ ದಡ್ಡ ಮಕ್ಕಳ ಪ್ರಗತಿಪತ್ರದಲ್ಲಿ ಬರೆಯುವುದೂ ಹೆಚ್ಚುಕಡಿಮೆ ಅದನ್ನೇ.

“ಮಮ್ಮಿ, ಇವರು ಪ್ರತಿ ಮಹಿನಾ ಸೇಮ್ ಫೋಟೋ ಕಳಿಸ್ತಾರ,” ಎಂದಳು ನನ್ನ ಮಗಳು. ಅವಳು ಹನ್ನೊಂದನೆಯ ಕ್ಲಾಸು. ಕನ್ನಡ ಪೂರಾ ತಿಳಿಯುತ್ತದೆ, ಮಾತಾಡಲು ಹೊರಟರೆ ನಡುವೆ ಮರಾಠಿ, ಹಿಂದಿ ಹೊಕ್ಕು ಕೂರುತ್ತವೆ. ಎರಡು ಫೋಟೋಗಳನ್ನು ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟು ನೋಡಿ, “ನಹೀ ನಹೀ, ಬಾಲ ಈ ಬಾರಿ ಬ್ಯಾರೆ ಸೈಡಿಗೆ ಐತಿ,” ಎಂದು ತೀರ್ಪು ಕೊಟ್ಟಳು.

ನಗುತ್ತಿದ್ದೆವು, ಆದರೆ ನನಗೆ ಒಳಗೊಳಗೇ ಕಸಿವಿಸಿ. ಐದನೆಯ ಪತ್ರ ಬಂದಾಗ ಫೋಟೋ ನೋಡದೆ ಫೋನು ಮಗುಚಿಟ್ಟೆ.

ದೀಪಾವಳಿ ರಜೆಗೆ ಅವ್ವ ನಾಸಿಕದಿಂದ ಬಸ್ಸು ಹತ್ತಿ ಬಂದಳು. ಚೀಲ ಕೆಳಗಿಡುವ ಮೊದಲೇ, “ಎಲ್ಲದಾಳ ನನ್ನ ಸಣ್ಣ ಮೊಮ್ಮಗಳು? ಮದಲ ಆಕಿನ ತೋರಸು,” ಎಂದಳು. ದೊಡ್ಡ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಮರುದಿನ ಮುಂಜಾನೆ ಮೂವರೂ ರಿಕ್ಷಾ ಮಾಡಿಕೊಂಡು ಹೊರಟೆವು. ಅವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ನೋಡಾಕ ಹೋಗುವಾಗ ಬರಿಗೈಲೆ ಹೋಗಬಾರದು ಎಂದು ನಾಲ್ಕು ಜೋಳದ ರೊಟ್ಟಿ ಅರಿವೆಯಲ್ಲಿ ಸುತ್ತಿಕೊಂಡಿದ್ದಳು. ಹೊಸ ಕಾರ್ಖಾನೆಗಳ ಗೋಡೆಗಳು ದಾರಿಯುದ್ದಕ್ಕೂ ಏಳುತ್ತಿದ್ದವು. ಅವ್ವ ಪ್ರತಿಯೊಂದನ್ನೂ ಕತ್ತು ಹೊರಳಿಸಿ ನೋಡಿ, “ಈ ಪ್ಲಾಸ್ಟರ್ ನಿಲ್ಲಂಗಿಲ್ಲ,” “ಇದು ಅಡ್ಡಿಯಿಲ್ಲ,” ಎಂದು ತೀರ್ಪು ಕೊಡುತ್ತ ಬಂದಳು.

ಆಶ್ರಮ ಎಂದರೆ ಬೇಲಿ ಹಾಕಿದ ಒಂದು ಹೊಲ, ಏಳೆಂಟು ಬೇವಿನ ಮರ, ಮೂರು ತಗಡಿನ ಕೊಟ್ಟಿಗೆ. ಮುದಿ ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಉಸ್ತುವಾರಿ ನೋಡುವ ಹೆಂಗಸು, ಅಲ್ಲಿ ಎಲ್ಲರೂ ಮರಾಠಿ ರೂಢಿಯಂತೆ ‘ಬಾಯಿ’ ಎಂದು ಕರೆಯುವವರು, ನನ್ನದೇ ವಯಸ್ಸಿನವರು, ಸೀರೆಯ ಕೆಳಗೆ ಗಮ್‌ಬೂಟು, ಮೇಲೆ ಗಂಡಸರ ಅಂಗಿ. ನಮ್ಮನ್ನು ಮರಾಠಿಯಲ್ಲಿ ಆದರದಿಂದ ಮಾತಾಡಿಸಿದರು. ನನ್ನ ಕತ್ತೆಯ ಮಾತು ಬಂದಾಗ ಅವರ ಮುಖ, ಪ್ರಗತಿಪತ್ರ ಕೊಡುವಾಗ ನನ್ನದು ಹೇಗಿರುತ್ತದೋ ಹಾಗಾಯಿತು.

“ಮೈಯೊಳಗೆ ಏನೂ ಇಲ್ಲ ತಾಯಿ, ಡಾಕ್ಟರು ಎರಡು ಸಲ ನೋಡಿದರು. ಬಾಗಿಲು ದಿನವಿಡೀ ತೆರೆದೇ ಇರುತ್ತದೆ. ಹೊರಗೆ ಕಾಲಿಡುವುದಿಲ್ಲ. ಬೆಲ್ಲ ತೋರಿಸಿದೆವು, ಗಜ್ಜರಿ ತೋರಿಸಿದೆವು. ಹಗ್ಗ ಹಾಕಿ ಎಳೆಯುವುದು ನಮ್ಮ ನಿಯಮದಲ್ಲಿ ಇಲ್ಲ. ಒಬ್ಬರು ಹೇಳಿದರೆಂದು ಭಜನೆ ಕೂಡ ಹಚ್ಚಿ ನೋಡಿದೆವು.”

“ಭಜನೆಗೆ ಏನಂತು?” ಎಂದು ಅವ್ವ ಗಂಭೀರವಾಗಿ ಕೇಳಿದಳು.

ಕೊಟ್ಟಿಗೆಯಲ್ಲಿ ಅದು ಇತ್ತು, ಫೋಟೋದಲ್ಲಿ ಇದ್ದಂತೆಯೇ. ಬೂದಿ ಬಣ್ಣ, ಬೆನ್ನಿನ ಎರಡೂ ಕಡೆ ಕೂದಲು ಮತ್ತೆ ಬರದ ಬೋಳು ಪಟ್ಟಿಗಳು. ನಮ್ಮ ಸಪ್ಪಳಕ್ಕೆ ಒಂದು ಕಿವಿ ಹಿಂದೆ ತಿರುಗಿತು, ಅಷ್ಟೇ. ಅವ್ವ ಏನಾದರೂ ನಗೆಮಾತು ಆಡುತ್ತಾಳೆಂದು ನಾನೂ ಮಗಳೂ ಕಾದೆವು.  ಅವ್ವ ಪಕ್ಕದಿಂದ ಹೋಗಿ ಅದರ ಬೆನ್ನಿನ ಬೋಳು ಪಟ್ಟಿಯ ಮೇಲೆ ಅಂಗೈ ಆಡಿಸಿದಳು. ಆಮೇಲೆ ಬಾಯಿಯವರತ್ತ ತಿರುಗಿ ಮರಾಠಿಯಲ್ಲಿ ಕೇಳಿದಳು: “ಇದರ ಮುಂದ ಯಾರು ನಡೀತಿದ್ರು?”

ಅವರಿಗೆ ಪ್ರಶ್ನೆ ತಿಳಿಯಲಿಲ್ಲ. “ಭಟ್ಟಿಯಿಂದ ಎರಡು ಕತ್ತೆ ಬಂದಿದ್ದವು ಮಾವಶಿ. ಇನ್ನೊಂದು ಬಹಳ ಮುದಿಯಾಗಿತ್ತು. ಬಂದ ವಾರದಲ್ಲೇ ಹೋಯಿತು.”

“ಹಾಂ. ಅದು ಮುಂದಿನ ಕತ್ತಿ. ಇದು ಹಿಂದಿನ ಕತ್ತಿ.”

ನಮಗ್ಯಾರಿಗೂ ಅರ್ಥವಾಗದ್ದು ನೋಡಿ ಅವ್ವ ಬಿಡಿಸಿ ಹೇಳಿದಳು. ಹೇರಿನ ಕತ್ತೆಗಳು ಸಾಲಾಗಿ ನಡೆಯುತ್ತವೆ. ದಾರಿ ಗೊತ್ತಿರುವುದು ಮೊದಲನೆಯದಕ್ಕೆ ಮಾತ್ರ. ಉಳಿದವಕ್ಕೆ ಊರು, ಓಣಿ, ತಿರುವು ಏನೂ ಗೊತ್ತಿಲ್ಲ. ಗೊತ್ತಿರುವುದು ಮುಂದಿನದರ ಬಾಲ. ಆ ಬಾಲ ಹೋದಲ್ಲಿಗೆ ಹೋಗುತ್ತವೆ, ಅದು ನಿಂತಲ್ಲಿ ನಿಲ್ಲುತ್ತವೆ. “ಈಗ ನೀವು ಬಾಗಲಾ ತಗದು ಹೋಗು ಅಂತೀರಿ. ಯಾರ ಹಿಂದ ಹೋಗಬೇಕದು?”

ಬಾಯಿಯವರು ಬಾಗಿಲಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ಅವ್ವ ಹೊಸ ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಕತ್ತೆಯ ಮೂತಿಗೂ ಗೋಡೆಗೂ ನಡುವಿನ ಸಂದಿನಲ್ಲಿ ತೂರಿ, ಅದಕ್ಕೆ ಬೆನ್ನು ಮಾಡಿ ನಿಂತಳು. ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ಎರಡು ಸಲ ಟಕ್ ಟಕ್ ಎಂದಳು. ಮತ್ತೆ ಗೋಡೆಯ ಪಕ್ಕದಿಂದ ಸುತ್ತಿ ಬಾಗಿಲ ಕಡೆಗೆ ನಡೆದಳು.

“ಅಜ್ಜಿ, ಅದು ಬರ್ತಾ ಇಲ್ಲ!” ಎಂದಳು ಮಗಳು.

“ಸುಮ್ಮನಿರು. ಹೊಳ್ಳಿ ನೋಡಬಾರದು. ಮುಂದಿನದು ಹೊಳ್ಳಿ ನೋಡಿದರ ಅದಕ್ಕ ದಾರಿ ಮ್ಯಾಲಿನ ಭರೋಸಾ ಹೋಗತದ.”

ಅವ್ವ ಹೊಸ್ತಿಲು ದಾಟಿದಳು. ಆಗ ನನ್ನ ಕತ್ತೆ ಗೋಡೆಯಿಂದ ಮುಖ ತಿರುಗಿಸಿತು. ಐದು ತಿಂಗಳಲ್ಲಿ ಅದರ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣ ಸುತ್ತ ಬಿಳಿ ವರ್ತುಲ, ಮೂತಿಯೂ ಬಿಳಿ. ತಲೆ ತಗ್ಗಿಸಿ, ಅವಸರವಿಲ್ಲದೆ, ಹಿಂದೆ ನಡೆದುಬಂತು. ಅವ್ವ ಬೇವಿನ ಮರಗಳ ಕೆಳಗೆ ಹೋದರೆ ಅದೂ ಹೋಯಿತು. ಬೇಲಿಯ ಗುಂಟ ತಿರುಗಿದರೆ ಅದೂ ತಿರುಗಿತು. ಇಳಕಲ್ ಸೀರೆಯ ಸೆರಗಿಗೂ ಅದರ ಮೂತಿಗೂ ಒಂದು ಗೇಣು ಅಂತರ. ಮಗಳು ವಿಡಿಯೋ ಮಾಡುತ್ತೇನೆಂದು ಫೋನು ಎತ್ತಿದವಳು ನಡುವೆ ಮೂಗು ಒರೆಸಿಕೊಳ್ಳಲು ನಿಲ್ಲಿಸಿಬಿಟ್ಟಳು. ಹೊಲದ ಆಚೆ ತುದಿಯಲ್ಲಿ ಸಡಿಲ ಮಣ್ಣು ಕಂಡ ಕೂಡಲೇ ಕತ್ತೆ ಬಿದ್ದು ನಾಲ್ಕೂ ಕಾಲು ಮೇಲೆತ್ತಿ ಹೊರಳಾಡಿತು. ಧೂಳಿನೊಳಗೆ ಏನೂ ಕಾಣದಾಯಿತು.

ಎರಡು ಸುತ್ತು ಮುಗಿದ ಮೇಲೆ ಅವ್ವ ಮರದ ಕೆಳಗೆ ಕುಸಿದು ಕೂತಳು. ಕತ್ತೆ ಅವಳ ಬೆನ್ನ ಹಿಂದೆ ನಿಂತಿತು.

“ಈಗ ಏನು ಮಾಡೋಣ?” ಎಂದೆ. “ದಿನಾ ಯಾರು ಮುಂದ ನಡೀಬೇಕು?”

“ನಾ ಇಲ್ಲೇ ಇರತೀನಿ ಬಿಡು. ನನಗೂ ಒಬ್ಬ ಪಾಲಕನ್ನ ಹುಡುಕು. ರೊಟ್ಟಿ, ಚಾ, ತಿಂಗಳಿಗೊಂದು ಫೋಟೋ.”

ಬಾಯಿಯವರಿಗೆ ನಾನು ಅದನ್ನು ಮರಾಠಿಗೆ ತಿರುಗಿಸಿ ಹೇಳಿದೆ. ಅವರು ಅರ್ಧ ನಿಜವೆಂದೇ ತಿಳಿದು ಖೋಲಿ ಖಾಲಿ ಇದೆ ಎಂದರು.

ಕೊನೆಗೆ ಕತ್ತೆಗೊಂದು ಮುಂದಾಳು ಹುಡುಕುವ ಕೆಲಸ ಶುರುವಾಯಿತು. ಮೊದಲು ಒಂದು ಎತ್ತನ್ನು ಮುಂದೆ ಬಿಟ್ಟೆವು. ಎತ್ತು ನಾಲ್ಕು ಹೆಜ್ಜೆ ಇಟ್ಟು ಮಲಗಿತು, ಕತ್ತೆ ಅದರ ಬಾಲ ನೋಡುತ್ತ ಮುಕ್ಕಾಲು ತಾಸು ನಿಂತಿತು. ಆಮೇಲೆ ಎಮ್ಮೆ. ಅದು ಸೀದಾ ಹೋಗಿ ಹೊಂಡದೊಳಗೆ ಕೂತಿತು. ಕತ್ತೆ ದಂಡೆಯ ಮೇಲೆ ನಿಂತು ನೀರನ್ನು ನೋಡಿತು, ನಮ್ಮನ್ನು ನೋಡಿತು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಮೂರು ಕಾಲಿನ ಆಡು ಕುಪ್ಪಳಿಸುತ್ತ ಬಂದು ಅವ್ವನ ಮಡಿಲಿನ ರೊಟ್ಟಿಗೆ ಬಾಯಿ ಹಾಕಿತು. ಚಾಂದವಡದ ಹೆದ್ದಾರಿಯಲ್ಲಿ ಈರುಳ್ಳಿ ಲಾರಿಗೆ ಸಿಕ್ಕು ಒಂದು ಕಾಲು ಕಳೆದುಕೊಂಡದ್ದಂತೆ. ಅದರ ಕಾಟಕ್ಕೆ ಇಡೀ ಆಶ್ರಮ ಬೇಸತ್ತಿತ್ತು.

ಅವ್ವ ಅದನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇದು. ಇದಕ್ಕ ಯಾರ ಹಂಗೂ ಇಲ್ಲ.”

ರೊಟ್ಟಿಯ ಚೂರುಗಳನ್ನು ದೂರ ದೂರ ಎಸೆಯುತ್ತ ಹೋದಳು. ಆಡು ಮುಂದೆ, ಕತ್ತೆ ಹಿಂದೆ. ಮೊದಲು ಅವ್ವ ಪಕ್ಕದಲ್ಲಿ ನಡೆದಳು. ಆಮೇಲೆ ಎರಡು ಮಾರು ಹಿಂದೆ ಉಳಿದಳು. ಆಮೇಲೆ ಬಂದು ನಮ್ಮ ಹತ್ತಿರ ಕೂತಳು. ನಾವು ಹೊರಡುವ ಹೊತ್ತಿಗೆ ಆಡು ಮೇವಿನ ಕಟ್ಟೆ ಹತ್ತಿ ನಿಂತಿತ್ತು. ಕತ್ತೆ ಕೆಳಗೆ ನಿಂತು, ತಾನೂ ಹತ್ತಬೇಕೋ ಬೇಡವೋ ಎಂದು ಯೋಚಿಸುತ್ತಿತ್ತು.

ನಾಸಿಕಕ್ಕೆ ಹಿಂತಿರುಗುವ ದಿನ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಅವ್ವನ ಪಕ್ಕ ಕೂತಿದ್ದೆ. “ನಿನಗ ಹೆಂಗ ಗೊತ್ತಾತವ್ವಾ, ನೋಡಿದ ಕೂಡಲೇ?” ಎಂದು ಕೇಳಿದೆ.

“ನಾನೂ ಹಿಂದಿನ ಕತ್ತಿನ ಇದ್ದೆ,” ಅಂದಳು. ಇದೂ ಚೇಷ್ಟೆಯೆಂದು ನಾನು ನಕ್ಕೆ. ಅವಳು ಬಸ್ಸಿನ ಬೋರ್ಡುಗಳನ್ನು ನೋಡುತ್ತ ಹೇಳಿದಳು. “ನಾಸಿಕಕ್ಕ ಬಂದಾಗ ನನಗ ಒಂದು ಓಣಿ ಗೊತ್ತಿಲ್ಲ, ಒಂದು ಮಾತು ಗೊತ್ತಿಲ್ಲ. ನಿಮ್ಮಪ್ಪ ಮುಂಜಾನೆದ್ದು ಗೋಡಿ ಕಟ್ಟಾಕ ಮ್ಯಾಲ ಏರಿಬಿಡಾಂವ. ಹೊಳಿಯಿಂದ ಉಸುಕು ತರೋ ಕತ್ತಿ ಸಾಲಿನ ಕಟ್ಟಕಡೀಕ ನಾ ಬುಟ್ಟಿ ಹೊತ್ತು ನಡೀತಿದ್ದೆ. ಮುಂದಿನ ಬಾಲ ತಪ್ಪಿದರ ಕಳದುಹೋಗತೀನಿ ಅಂತ ಅದನ್ನ ಬಿಟ್ಟು ಬ್ಯಾರೆ ಏನೂ ನೋಡಿಲ್ಲ. ಆರು ತಿಂಗಳು ನಾ ಕಂಡ ನಾಸಿಕ ಅಂದ್ರ ಅಷ್ಟ.”

ನನಗೆ ಇದು ಗೊತ್ತಿರಲಿಲ್ಲ. ನಮ್ಮ ಓಣಿಯ ಯಾವ ಜಗಳಕ್ಕೂ ಮೊದಲು ಇಳಿಯುವವಳು, ಮರಾಠಿಯಲ್ಲಿ ಕಾಂಟ್ರಾಕ್ಟರನ ಬಾಯಿ ಮುಚ್ಚಿಸುವವಳು ಅವಳು. ನಾನು ಅವಳ ಕೈ ಹಿಡಿದುಕೊಂಡೆ.

“ಕೈ ಬಿಡು, ಬಸ್ ಬಂತು,” ಎಂದಳು. “ಮತ್ತ ಆ ಆಡಿಗೆ ಯಾರು ಪಾಲಕರು ಕೇಳಿಟ್ಟುಕೋ. ಅವರಿಗೆ ನಾವು ಬೀಗರಾಗಬೇಕು.”

ಮುಂದಿನ ತಿಂಗಳ ಪತ್ರದಲ್ಲಿ ನನ್ನ ಕತ್ತೆ ಬಿಸಿಲಿನಲ್ಲಿತ್ತು. ಈಗ ವಿಜ್ಞಾನದ ಟೀಚರಿಗೆ ಫೋಟೋ ತೋರಿಸುವ ಸರದಿ ನನ್ನದು. ಅವರು ನನ್ನನ್ನು ಕಂಡರೆ ಉತ್ತರಪತ್ರಿಕೆಗಳ ಹಿಂದೆ ಅಡಗುತ್ತಾರೆ.

ಮೊನ್ನೆ ಭಾನುವಾರ ಅವ್ವನಿಗೆ ಫೋನು ಮಾಡಿದರೆ ಎಷ್ಟು ಹೊತ್ತಾದರೂ ಎಂಗೇಜು. ಕೊನೆಗೆ ತಮ್ಮನಿಗೆ ಮಾಡಿದೆ.

“ಆಮ್ಯಾಲ ಮಾಡಕ್ಕಾ,” ಎಂದ. “ಅವ್ವ ಆಶ್ರಮದ ಬಾಯಿ ಜೋಡಿ ಮಾತಾಡಾಕತ್ತಾಳ. ಯಾವುದೋ ಹುಂಜಾ ಕೂಗೋದು ಬಿಟ್ಟದಂತ.”

“ಅವ್ವಗ ಹುಂಜದ್ದೇನು ಗೊತ್ತು? ನಮ್ಮ ಮನಿಯೊಳಗ ಎಂದರ ಕೋಳಿ ಇತ್ತೇನು?”

“ನಾನೂ ಅದನ್ನ ಕೇಳಿದೆ. ಕೈ ತೋರಿಸಿ ಸುಮ್ಮನ ಕುಂದ್ರಿಸಿದಳು.” ಹಿಂದಿನಿಂದ ಅವ್ವನ ಮರಾಠಿ ಜೋರಾಗಿ ಕೇಳಿಸುತ್ತಿತ್ತು. ಹುಂಜದ ಮಾತು ಒಂದು ಕಡೆ ಇರಲಿ, ಮೊದಲು ಅಲ್ಲಿ ಕೋಳಿಗಳು ಎಷ್ಟು, ಅವುಗಳಲ್ಲಿ ಯಾವುದರ ಜೊತೆ ಅದಕ್ಕೆ ಮನಸ್ತಾಪ ಎಂದು ಕೇಳುತ್ತಿದ್ದಳು.